ಟ್ರಿಗರ್ ಒತ್ತಿದ್ರೆ ಸೆಕೆಂಡಿಗೆ ಎಷ್ಟು? ಏರ್‌ಸಾಫ್ಟ್ ಗನ್ನಿನ ವೇಗ, ಪಿಸ್ಟನ್‌ನ ಹಲ್ಲು

[ಕಪ್ಪು ಪರದೆ. ಆಡಿಯೋ ಮಾತ್ರ: ಟರ್ರ್ರ್ರ್ರ್... ಟಕ್. ಆಮೇಲೆ ಬರೀ ಮೋಟರಿನ ಗುಂಯ್.]

ಕೇಳಿತಾ? ಆ ‘ಟಕ್’ ಉಂಟಲ್ಲ, ಅದು ಪಿಸ್ಟನ್‌ನ ಹಲ್ಲು ಹೋದ ಶಬ್ದ. ಹೊಸ ಬ್ಯಾಟರಿ ಹಾಕಿ ಮೂರು ಸೆಕೆಂಡ್ ಆಗಿತ್ತು ಅಷ್ಟೆ.

[ನಿರೂಪಕ ಮೇಜಿನ ಮುಂದೆ. ಹಿಂದೆ ಕಿಟಕಿ, ಅಂಗಳದಲ್ಲಿ ಒಣಗುವ ಅಡಿಕೆ.]

ನಮಸ್ಕಾರ, ಬದಿಯಡ್ಕದಿಂದ. ಗನ್ ನನ್ನದಲ್ಲ, ಭಾವನದ್ದು. ಅತ್ತೆಯ ಮಗ, ನನ್ನದೇ ಪ್ರಾಯ, ಕೆಲಸ ಜಪಾನಿನಲ್ಲಿ. ಅಲ್ಲಿ ಭಾನುವಾರ ಬಂದ್ರೆ ಏರ್‌ಸಾಫ್ಟ್ ಆಡ್ಲಿಕ್ಕೆ ಹೋಗ್ತಾನೆ. 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕು, ಬ್ಯಾಟರಿಯಲ್ಲಿ ಓಡುವಂಥದ್ದು. 1991ರಲ್ಲಿ ಟೋಕಿಯೋ ಮರುಯಿ ಕಂಪೆನಿ ಇಂಥ ಮೊದಲ ಎಲೆಕ್ಟ್ರಿಕ್ ಗನ್ನನ್ನು ಮಾರುಕಟ್ಟೆಗೆ ತಂದದ್ದು ಅಲ್ಲೇ. ಮೊನ್ನೆ ರಾತ್ರಿ ಫೋನು: “ಭಾವ, ಇದು ಸೆಕೆಂಡಿಗೆ ಹದಿನಾಲ್ಕೇ ಹೊಡೀತದೆ ಮಾರಾಯ, ಜಾಸ್ತಿ ಮಾಡ್ಲಿಕ್ಕೆ ಎಂತ ಮಾಡ್ಬೇಕು?” ನಾನು ಹೇಳುವ ಮೊದಲೇ ಅವನು ಮಾಡಿ ಆಗಿತ್ತು. ಫಲ ನೀವು ಈಗ ಕೇಳಿದ್ರಿ.

[ಮೇಲಿನಿಂದ ಕ್ಯಾಮೆರಾ. ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಗಿಯರ್‌ಬಾಕ್ಸ್.]

ಇಲ್ಲಿ ಬಿಚ್ಚಿಟ್ಟದ್ದು ನಮ್ಮ ಮನೆಯ ಮಕ್ಕಳ ಜೆಲ್ ಬ್ಲಾಸ್ಟರ್, ನೀರಿನ ಮಣಿ ಹಾರಿಸುವ ಆಟಿಕೆ. ಬೆಲೆ ಕಮ್ಮಿ, ಗಿಯರು ಪ್ಲಾಸ್ಟಿಕ್ಕು, ಆದ್ರೆ ಒಳಗಿನ ಸಂಸಾರ ಅದೇ. ಹತ್ತಿರ ಬನ್ನಿ.

[ತೀರಾ ಹತ್ತಿರದ ದೃಶ್ಯ. ಪೆನ್ಸಿಲ್ ತುದಿಯಿಂದ ತೋರಿಸುವುದು.]

ಇದು ಮೋಟರಿನ ತುದಿಯ ಪುಟ್ಟ ಪಿನಿಯನ್. ಅದು ಬೆವೆಲ್ ಗಿಯರನ್ನು ತಿರುಗಿಸ್ತದೆ, ಬೆವೆಲ್ ಸ್ಪರನ್ನು, ಸ್ಪರ್ ಈ ಸೆಕ್ಟರನ್ನು. ಸೆಕ್ಟರ್ ಗಿಯರನ್ನು ಸರಿಯಾಗಿ ನೋಡಿ. ಸುತ್ತ ಪೂರ್ತಿ ಹಲ್ಲಿಲ್ಲ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹಲ್ಲು, ಉಳಿದದ್ದು ಬೋಳು. ಹಲ್ಲಿರುವ ಭಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೀತದೆ, ಸ್ಪ್ರಿಂಗ್ ಒತ್ತಿಕೊಳ್ತದೆ. ಹಲ್ಲು ಮುಗಿದ ಕೂಡ್ಲೆ ಪಿಸ್ಟನ್ ಕೈ ತಪ್ಪಿ ಮುಂದೆ ಹಾರ್ತದೆ, ಸಿಲಿಂಡರಿನ ಗಾಳಿ ಗುಂಡನ್ನು ತಳ್ತದೆ. ಸೆಕ್ಟರ್ ಒಂದು ಸುತ್ತು, ಒಂದು ಗುಂಡು. ಬೋಳು ಭಾಗ ತಿರುಗುವ ಅಷ್ಟು ಹೊತ್ತಿನಲ್ಲಿ ಪಿಸ್ಟನ್ ಮುಂದೆ ಹೋಗಿ ಕೂತು ಆಗಿರಬೇಕು. ಇದನ್ನು ನೆನಪಿಡಿ, ಭಾವನ ಹಲ್ಲು ಹೋದದ್ದು ಇಲ್ಲೇ.

ಲೆಕ್ಕ ಸುಲಭ. ಮಾಮೂಲು ಗಿಯರ್ ಸೆಟ್ಟಿನಲ್ಲಿ ಮೋಟರ್ ಸುಮಾರು 18.7 ಸುತ್ತು ತಿರುಗಿದ್ರೆ ಸೆಕ್ಟರ್ ಒಂದು ಸುತ್ತು. ಸೆಕೆಂಡಿಗೆ 14 ಗುಂಡು ಅಂದ್ರೆ ನಿಮಿಷಕ್ಕೆ 840. ಮೋಟರ್ ನಿಮಿಷಕ್ಕೆ 15,700 ಸುತ್ತಿನ ಹತ್ತಿರ. ವೇಗ ಬೇಕಾದ್ರೆ ಎರಡೇ ದಾರಿ: ಮೋಟರನ್ನು ಜೋರು ತಿರುಗಿಸಿ, ಇಲ್ಲವೇ 16ಕ್ಕೆ 1, 13ಕ್ಕೆ 1 ಇರುವ ಗಿಯರ್ ಸೆಟ್ ಹಾಕಿ. ಎರಡನೆಯದರಲ್ಲಿ ಮೋಟರಿಗೆ ಭಾರ ಜಾಸ್ತಿ, ಸ್ಕೂಟರನ್ನು ಮೇಲಿನ ಗಿಯರಿನಲ್ಲಿ ಏರು ಹತ್ತಿಸಿದ ಹಾಗೆ.

ಮೋಟರ್ ಜೋರು ತಿರುಗ್ಬೇಕಾದ್ರೆ ಎಲ್ಲರೂ ಮೊದಲು ಬ್ಯಾಟರಿ ನೋಡ್ತಾರೆ. ನಾನು ಮೊದಲು ವಯರು ನೋಡ್ತೇನೆ. ಯಾಕೆ? ನಮ್ಮಲ್ಲಿ ತೋಟದ ಬಾವಿ ಮನೆಯಿಂದ ದೂರ ಇದ್ದವರಿಗೆ ಇದನ್ನು ವಿವರಿಸಿ ಹೇಳ್ಬೇಕಾಗಿಲ್ಲ. ಸಪೂರ ವಯರು ಎಳೆದು ಪಂಪು ಕೂರಿಸಿದ್ರೆ ಸ್ವಿಚ್ಚಿನ ಹತ್ತಿರ ವೋಲ್ಟೇಜು ಸರಿ ಇರ್ತದೆ, ಪಂಪಿನ ಹತ್ತಿರ ಇರುವುದಿಲ್ಲ. ಪಂಪು ಬರೀ ಹೂಂಗುಟ್ತದೆ, ಬಿಸಿ ಆಗ್ತದೆ. ಗನ್ನಿನೊಳಗೂ ಅದೇ ಕಥೆ. ಟ್ರಿಗರ್ ಒತ್ತಿದಾಗ 20 ಆಂಪಿಯರ್ ಎಳೆದ್ರೆ, ವಯರು, ಕನೆಕ್ಟರು, ಟ್ರಿಗರಿನ ಕಾಂಟ್ಯಾಕ್ಟು ಎಲ್ಲ ಸೇರಿ 0.05 ಓಮ್ ತಡೆ ಇದ್ರೂ 1 ವೋಲ್ಟ್ ದಾರಿಯಲ್ಲೇ ಹೋಯ್ತು. 7.4 ವೋಲ್ಟಿನ ಬ್ಯಾಟರಿಯಲ್ಲಿ 1 ವೋಲ್ಟ್ ಹೋದ್ರೆ ಉಳಿಯುವುದೆಷ್ಟು ನೋಡಿ!

ಹಾಗಾಗಿ ದಪ್ಪ ವಯರು. ಸಣ್ಣ ತಾಮಿಯಾ ಕನೆಕ್ಟರ್ ತೆಗೆದು ಡೀನ್ಸ್ ಅಂತ ಕರೆಯುವ ಟಿ ಆಕಾರದ ಕನೆಕ್ಟರ್. ಟ್ರಿಗರಿನ ಜೊತೆಗೆ ಮಾಸ್‌ಫೆಟ್ ಅಂತ ಒಂದು ಎಲೆಕ್ಟ್ರಾನಿಕ್ ಸ್ವಿಚ್ಚು. ಇದು ಎಂತ ಮಾಡ್ತದೆ ಅಂದ್ರೆ, ದೊಡ್ಡ ಕರೆಂಟು ಟ್ರಿಗರಿನ ತಗಡಿನ ಮೂಲಕ ಹೋಗುವುದೇ ಇಲ್ಲ. ಟ್ರಿಗರ್ ಬರೀ ಸನ್ನೆ ಕೊಡ್ತದೆ, ಕೆಲಸ ಮಾಸ್‌ಫೆಟ್ಟಿನದ್ದು. ಇಲ್ಲದಿದ್ರೆ ಪ್ರತಿ ಸಲ ಕಿಡಿ ಹಾರಿ ಕಾಂಟ್ಯಾಕ್ಟು ಕಪ್ಪಾಗ್ತಾ ಹೋಗ್ತದೆ.

ಇಷ್ಟು ಮಾಡಿ, ಹಳೇ 8.4 ವೋಲ್ಟಿನ ನಿಕಲ್ ಬ್ಯಾಟರಿಯ ಬದಲು 7.4ರ ಲಿಪೋ, ಅಂದ್ರೆ ಲಿಥಿಯಂ ಪಾಲಿಮರ್ ಬ್ಯಾಟರಿ ಹಾಕಿದಾಗ ಭಾವನಿಗೆ 14 ಇದ್ದದ್ದು 17 ಆಯ್ತು. ವೋಲ್ಟೇಜು ಕಮ್ಮಿ ಆಗಿ ವೇಗ ಹೆಚ್ಚಾದದ್ದು ಹೇಗೆ ಅಂತ ಕೇಳ್ಬಹುದು. ಬ್ಯಾಟರಿಯ ಮೇಲೆ ಬರೆದದ್ದು ಬೇರೆ, ಭಾರ ಬಿದ್ದಾಗ ಅದು ಹಿಡಿದು ನಿಲ್ಲುವುದು ಬೇರೆ. ಲಿಪೋ ಜಾಸ್ತಿ ಇಳಿಯುವುದಿಲ್ಲ. ಕೊಳ್ಳುವಾಗ ಸಿ ರೇಟಿಂಗ್ ನೋಡಿ, ಎಷ್ಟು ಕರೆಂಟು ಕೊಡ್ಲಿಕ್ಕೆ ತಾಕತ್ತು ಉಂಟು ಅಂತ ಹೇಳುವ ಅಂಕೆ ಅದು: 1300 ಎಂಎಎಚ್, 20 ಸಿ ಅಂದ್ರೆ 26 ಆಂಪಿಯರ್ ಕೊಡ್ತದೆ. ಮತ್ತೆ ಒಳಗಿನ ಸೆಲ್ಲುಗಳನ್ನೆಲ್ಲ ಸಮವಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರ್ ಇಲ್ಲದೆ ಲಿಪೋ ಮನೆಗೆ ತರ್ಲೇಬೇಡಿ. ಊದಿದ್ರೆ ಅದನ್ನು ಮತ್ತೆ ಮುಟ್ಟುವುದಲ್ಲ.

ಹದಿನೇಳಕ್ಕೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ ಪುಣ್ಯಾತ್ಮ. ನೇರ 11.1 ವೋಲ್ಟು ಹಾಕಿದ. 25.

[ಮುರಿದ ಪಿಸ್ಟನ್‌ನ ಫೋಟೋ. ಕಡೆಯ ಹಲ್ಲುಗಳು ಬೋಳಿಸಿದ ಹಾಗೆ.]

ಅಡಿಕೆ ಕೊಯ್ಲು ನೋಡಿದವರಿಗೆ ಇದು ಕೂಡ್ಲೆ ಗೊತ್ತಾಗ್ತದೆ. ಮರದ ಮೇಲಿನವನು ಕೊನೆ ಕಡಿದು ಹಗ್ಗದಲ್ಲಿ ಜಾರಿಸ್ತಾನೆ. ಕೆಳಗೆ ಹಗ್ಗ ಹಿಡಿದವನು ಅದನ್ನು ತೆಗೆದು ಬದಿಗಿಟ್ಟು, ಮತ್ತೆ ಹಗ್ಗ ಬಿಗಿ ಮಾಡಿ ನಿಲ್ಲಬೇಕು. ಮೇಲಿನವನಿಗೆ ಅವಸರ ಆಗಿ, ಕೆಳಗಿನವನು ತಿರುಗುವ ಮೊದಲೇ ಇನ್ನೊಂದು ಕೊನೆ ಬಿಟ್ರೆ? ಸೀದಾ ಕೈಗೆ.

ಸೆಕೆಂಡಿಗೆ 14 ಗುಂಡು ಅಂದ್ರೆ ಒಂದು ಸುತ್ತಿಗೆ 71 ಮಿಲಿಸೆಕೆಂಡ್. 25 ಅಂದ್ರೆ 40. ಅದರಲ್ಲಿ ಬೋಳು ಭಾಗದ ಪಾಲು ಅರ್ಧಕ್ಕಿಂತ ಕಮ್ಮಿ, 20 ಮಿಲಿಸೆಕೆಂಡೂ ಇಲ್ಲ. ಬ್ಯಾಟರಿ ಮೋಟರನ್ನು ಜೋರು ಮಾಡ್ತದೆ, ಸ್ಪ್ರಿಂಗನ್ನಲ್ಲ. ಪಿಸ್ಟನ್ ಮುಂದೆ ಹೋಗುವುದು ಹಳೇ ವೇಗದಲ್ಲೇ. ಅದು ದಾರಿಯಲ್ಲಿರುವಾಗಲೇ ಸೆಕ್ಟರಿನ ಮೊದಲ ಹಲ್ಲು ಬಂದು ಗುದ್ದಿತು. ಇದಕ್ಕೆ ಆಟಗಾರರು ಪ್ರೀ-ಎಂಗೇಜ್‌ಮೆಂಟ್ ಅಂತ ಹೇಳ್ತಾರೆ.

ಪರಿಹಾರ ಎಂತ? ಪಿಸ್ಟನ್ ಬೇಗ ಮುಂದೆ ಹೋಗಿ ಕೂರುವ ಹಾಗೆ ಮಾಡುವುದು. ಹಗುರ ಪಿಸ್ಟನ್ ಹಾಕ್ಬಹುದು. ಗಟ್ಟಿ ಸ್ಪ್ರಿಂಗ್ ಹಾಕ್ಬಹುದು. ಆದ್ರೆ ಗಟ್ಟಿ ಸ್ಪ್ರಿಂಗ್ ಅಂದ್ರೆ ಗುಂಡಿಗೂ ಜೋರು ಜಾಸ್ತಿ, ಜಪಾನಿನಲ್ಲಿ ಅದಕ್ಕೆ ಕಾನೂನು ಅಡ್ಡ. 2006ರಿಂದ ಅಲ್ಲಿ 6 ಮಿಲಿಮೀಟರ್ ಗುಂಡಿಗೆ ಸುಮಾರು 0.98 ಜೂಲ್ ಮಿತಿ. 0.20 ಗ್ರಾಮಿನ ಗುಂಡಾದ್ರೆ ಸೆಕೆಂಡಿಗೆ 99 ಮೀಟರಿನಷ್ಟು. ದಾಟಿದ್ರೆ ಅದು ಆಟಿಕೆ ಅಲ್ಲ.

ಇಲ್ಲಿ ಒಂದು ಚಂದದ ಉಪಾಯ ಉಂಟು, ನನಗೆ ಇಡೀ ವಿಷಯದಲ್ಲಿ ಇಷ್ಟ ಆದದ್ದು ಇದೇ. ಸೆಕ್ಟರ್ ಗಿಯರಿನ ಕೊನೇ ಎರಡು ಹಲ್ಲು ಅರ ಹಾಕಿ ತೆಗೆಯುವುದು. ಪಿಸ್ಟನನ್ನು ಪೂರ್ತಿ ಹಿಂದಕ್ಕೆ ಎಳೆಯದೆ ಬೇಗ ಬಿಟ್ಟುಬಿಡ್ತದೆ. ಬೋಳು ಭಾಗ ಜಾಸ್ತಿ, ಪಿಸ್ಟನ್ನಿಗೆ ದೂರ ಕಮ್ಮಿ. ಸ್ಪ್ರಿಂಗ್ ಕಮ್ಮಿ ಒತ್ತಿದ್ದರಿಂದ ಗುಂಡಿನ ವೇಗ ಇಳೀತದೆ, ಆ ಇಳಿದಷ್ಟನ್ನು ಸ್ವಲ್ಪ ಗಟ್ಟಿ ಸ್ಪ್ರಿಂಗಿನಿಂದ ವಾಪಸು ತರುವುದು. ಮಿತಿಯ ಒಳಗೇ ಇರ್ತದೆ, ಪಿಸ್ಟನ್ ಮಾತ್ರ ಮೊದಲಿಗಿಂತ ಚುರುಕು. ಶಾರ್ಟ್ ಸ್ಟ್ರೋಕ್ ಅಂತ ಇದಕ್ಕೆ ಹೆಸರು. ಅರ ಹಾಕುವಾಗ ಯಾವ ಬದಿಯ ಹಲ್ಲು ಅಂತ ಎರಡು ಸಲ ನೋಡಿ. ತೆಗೆಯಬೇಕಾದ್ದು ಬಿಡುವ ಬದಿಯದ್ದು. ಮತ್ತೆ ಗುಂಡಿನ ವೇಗ ಹೇಳುವ ಕ್ರೋನೋಗ್ರಾಫಿನಲ್ಲಿ ಅಳೆಯದೆ ಮೈದಾನಕ್ಕೆ ಇಳಿಯುವುದಲ್ಲ.

ಇನ್ನೊಂದು ತೊಂದರೆ ಗುಂಡು ತುಂಬುವುದರಲ್ಲಿ. ಗುಂಡನ್ನು ನಳಿಗೆಗೆ ದೂಡುವ ಸಣ್ಣ ಕೊಳವೆ, ನಾಝಲ್, ಹಿಂದೆ ಸರಿದ ಕ್ಷಣದಲ್ಲಿ ಮ್ಯಾಗಜಿನ್ನಿನಿಂದ ಗುಂಡು ಮೇಲೆ ಬರ್ಬೇಕು. ತೀರಾ ವೇಗವಾದ್ರೆ ಬಾರದೆ ಬರೀ ಗಾಳಿ ಹೋಗ್ತದೆ. ಸೆಕ್ಟರಿಗೆ ಡಿಲೇಯರ್ ಚಿಪ್ ಅಂತ ಒಂದು ಸಣ್ಣ ತುಂಡು ಸಿಗ್ತದೆ, ನಾಝಲನ್ನು ಸ್ವಲ್ಪ ಹೊತ್ತು ಜಾಸ್ತಿ ಹಿಡಿದಿಡ್ತದೆ. ಮ್ಯಾಗಜಿನ್ ಸ್ಪ್ರಿಂಗ್ ಸೋತಿದ್ರೆ ಯಾವ ಚಿಪ್ಪೂ ಸಾಲದು.

ನನ್ನನ್ನು ಕೇಳಿದ್ರೆ 25ರ ಹಿಂದೆ ಹೋಗುವುದೇ ಹುಚ್ಚು. ಆಡುವಾಗ ಕೈಗೆ ಗೊತ್ತಾಗುವುದು ಸೆಕೆಂಡಿಗೆ ಎಷ್ಟು ಅಂತ ಅಲ್ಲ, ಟ್ರಿಗರ್ ಒತ್ತಿದ ಕೂಡ್ಲೆ ಮೊದಲ ಗುಂಡು ಹೋಯ್ತಾ ಅಂತ. ಅದಕ್ಕೆ ಬೇಕಾದ್ದು ನಿಯೋಡಿಮಿಯಮ್ ಅಯಸ್ಕಾಂತದ ಗಟ್ಟಿ ಮೋಟರು, ಮತ್ತೆ ಗಿಯರುಗಳ ಶಿಮ್ಮಿಂಗು. ಅಂದ್ರೆ ತೆಳು ವಾಷರ್ ಇಟ್ಟು ಒಂದಕ್ಕೊಂದು ಉಜ್ಜದ ಹಾಗೆ ಕೂರಿಸುವುದು. ಇಡೀ ಸಂಜೆ ಬೇಕು, ಖರ್ಚು ಏನೂ ಇಲ್ಲ. ಅದಕ್ಕೇ ಯಾರೂ ಮಾಡುವುದಿಲ್ಲ.

[ನಿರೂಪಕ ಕನ್ನಡಕ ಹಾಕಿಕೊಂಡು, ತೆಗೆದು.]

ಈ ಓದುವ ಕನ್ನಡಕ ಕಣ್ಣಿಗೆ ರಕ್ಷಣೆ ಅಲ್ಲ. ಸುತ್ತ ಮುಚ್ಚುವ ಗಾಗಲ್ಸ್ ಬೇಕು, ಪರೀಕ್ಷೆಗೆ ಒಂದೇ ಗುಂಡು ಹೊಡೆಯುವುದಾದ್ರೂ. ಬಿಚ್ಚುವ ಮೊದಲು ಬ್ಯಾಟರಿ ಹೊರಗೆ, ಮ್ಯಾಗಜಿನ್ ಹೊರಗೆ. ಮತ್ತೆ ಮಕ್ಕಳೇ, ಜೆಲ್ ಬ್ಲಾಸ್ಟರ್ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗುವುದು ಬೇಡ. ದೂರದಿಂದ ನೋಡುವವರಿಗೆ ಅದು ಆಟಿಕೆ ಅಂತ ಹೇಗೆ ಗೊತ್ತಾಗ್ಬೇಕು?

[ಲ್ಯಾಪ್‌ಟಾಪ್ ಪರದೆ. ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ಧ್ವನಿಯ ಗ್ರಾಫ್.]

ಅಳೆಯುವುದು ಹೇಗೆ ಅಂತ ಹೇಳಲಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆಡಾಸಿಟಿಯಲ್ಲಿ ತೆರೆದು, ಒಂದು ಸೆಕೆಂಡಿನಷ್ಟು ಆರಿಸಿ, ಎದ್ದ ಗೆರೆಗಳನ್ನು ಎಣಿಸಿದ್ರೆ ಆಯ್ತು. ಭಾವ ಈಗ ಹೊಸ ಪಿಸ್ಟನ್, 7.4 ವೋಲ್ಟು, 16ಕ್ಕೆ 1ರ ಗಿಯರು, ಎರಡು ಹಲ್ಲು ಕಮ್ಮಿ ಸೆಕ್ಟರು ಹಾಕಿದ್ದಾನೆ. ಇವತ್ತು ಬೆಳಗ್ಗೆ ಕಳಿಸಿದ್ದು ಇದು. ನನ್ನ ಲೆಕ್ಕದಲ್ಲಿ 19 ದಾಟ್ಬೇಕು. ಎಣಿಸುವ, ಬನ್ನಿ.

[ಆಡಿಯೋ. ಗ್ರಾಫಿನ ಮೇಲೆ ಒಂದೊಂದೇ ಅಂಕೆ ಏರುತ್ತಾ: 1, 2, 3... 19. ಇಪ್ಪತ್ತನೆಯ ಗೆರೆ ಸೆಕೆಂಡಿನ ಗಡಿಯಿಂದ ಕೂದಲೆಳೆ ಆಚೆ.]