ಭಾಷಣ ಸಾಕು, ವರದಿ ಓದುವವರು ಬೇಕು

ನಮಸ್ಕಾರ. ಅಂಕೋಲೆಯ ಕೇಣಿಯಲ್ಲಿ ಬಂದರು, ಶರಾವತಿಯಲ್ಲಿ ನೀರನ್ನು ಮೇಲಕ್ಕೆತ್ತಿ ಮತ್ತೆ ಬಿಟ್ಟು ವಿದ್ಯುತ್ ಮಾಡುವ ಪಂಪ್ಡ್ ಸ್ಟೋರೇಜ್, ಬೇಡ್ತಿ ನದಿಯ ತಿರುವು. ಯೋಜನೆಯ ಸುದ್ದಿ ಬಂದಾಗಲೆಲ್ಲ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೇಳುವ ಮಾತು ಒಂದೇ: ‘ಕಾರಂತರಂಥವರು ಈಗ ಯಾರಿದ್ದಾರೆ?’

ಸಾಹಿತಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರ ಬೇಡವೆಂದು 1989ರಲ್ಲಿ, 87ರ ವಯಸ್ಸಿನಲ್ಲಿ ಇಲ್ಲಿಂದ ಲೋಕಸಭೆಗೆ ನಿಂತರು. ಸೋತರು. ಕೈಗಾದಲ್ಲಿ ಇವತ್ತು 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಆ ನೈತಿಕ ಧೈರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಡ್ತಿ ಜಲವಿದ್ಯುತ್ ಯೋಜನೆ ನಿಂತುಹೋದದ್ದು ಬೇರೆ ರೀತಿ. 1981ರಲ್ಲಿ ಶಿರಸಿಯ ವಿಚಾರ ಸಂಕಿರಣದಲ್ಲಿ ವಿಜ್ಞಾನಿಗಳೂ ಅಡಿಕೆ ತೋಟಿಗರೂ ಒಟ್ಟಿಗೆ ಕೂತು, ಮುಳುಗುವ ಕಾಡಿಗೆ, ತೋಟಕ್ಕೆ ಬೆಲೆ ಕಟ್ಟಿ, ಯೋಜನೆಯ ಲಾಭ-ನಷ್ಟವನ್ನೇ ಪ್ರಶ್ನಿಸಿದರು. ಚಳವಳಿಯ ಕೈಗೆ ಲೆಕ್ಕ ಸಿಕ್ಕಿತು. ಇವತ್ತು ನಮಗೆ ಬೇಕಾದ ಬುದ್ಧಿಜೀವಿ ಆ ಲೆಕ್ಕದವನು.

ಯಾಕೆಂದರೆ ಈಗ ಜಗಳ ನಡೆಯುವ ಜಾಗವೇ ಬದಲಾಗಿದೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಆಗಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ. ಯೋಜನೆಯಿಂದ ಪರಿಸರದ ಮೇಲಾಗುವ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯತದಲ್ಲಿ ಓದಲು ಸಿಗಬೇಕು, ಸಾರಾಂಶ ಕನ್ನಡದಲ್ಲೂ ಇರಬೇಕು. ಇಷ್ಟಾದರೂ ಮೂಲ ವರದಿ ನೂರಾರು ಪುಟದ ಇಂಗ್ಲಿಷು. ದೋಣಿ ಇಳಿಸಿ ಬಂದವನು ಅದನ್ನು ಯಾವಾಗ ಓದಬೇಕು?

ಅದನ್ನು ಓದಬೇಕಾದವರು ನಮ್ಮ ಕಾಲೇಜಿನ ಪ್ರಾಧ್ಯಾಪಕರು, ನಿವೃತ್ತ ಮಾಸ್ತರರು, ಅಕ್ಕೋರು, ವಕೀಲರು. ಪ್ರಕಟಣೆ ಬಂದ ವಾರದೊಳಗೆ ಅಧ್ಯಾಯ ಹಂಚಿಕೊಳ್ಳಿ. ಮೊದಲು ನೋಡಬೇಕಾದದ್ದು ಮಾಹಿತಿ ಯಾವ ತಿಂಗಳಲ್ಲಿ ಸಂಗ್ರಹಿಸಿದ್ದು ಎಂಬುದನ್ನು. ಮಳೆಗಾಲ ಬಿಟ್ಟು ಒಂದೇ ಋತುವಿನ ಅಧ್ಯಯನ ಸಾಮಾನ್ಯ. ನಮ್ಮ ಕರಾವಳಿಯ ಬದುಕೋ ಮಳೆಗಾಲದಲ್ಲೇ ಇದೆ. ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಕಗ್ಗದ ಭತ್ತ ಬೆಳೆಯುವುದು ಆಗ. ಯಾಂತ್ರಿಕ ದೋಣಿಗಳಿಗೆ ಜೂನ್–ಜುಲೈ ನಿಷೇಧ ಇರುವುದೂ ಮೀನಿನ ಸಂತಾನೋತ್ಪತ್ತಿಯ ಕಾಲ ಎಂದೇ. ಬೇಸಿಗೆಯಲ್ಲಿ ಬಂದು ಅಳೆದು ಹೋದವರ ಕಣ್ಣಿಗೆ ಇವೆರಡೂ ಬೀಳುವುದಿಲ್ಲ. ಆಮೇಲೆ ಜೀವಿಗಳ ಪಟ್ಟಿ ತೆಗೆದು ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರ ಮುಂದೆ ಓದಿ. ಯಾವುದು ಬಿಟ್ಟುಹೋಗಿದೆ ಎಂದು ಅವರೇ ಹೇಳುತ್ತಾರೆ. ಈ ವಿಷಯದಲ್ಲಿ ಪಂಡಿತರು ಅವರು, ನಾವು ಬರೆದುಕೊಳ್ಳುವವರು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಹವಾಲು ಸಭೆ ಮತದಾನವಲ್ಲ. ಸಾವಿರ ಜನ ‘ಬೇಡ’ ಅಂದರೂ ಅಷ್ಟರಿಂದಲೇ ಯೋಜನೆ ಬಿದ್ದುಹೋಗುವುದಿಲ್ಲ. ಜನ ಎತ್ತಿದ ವಿಷಯಗಳಿಗೆ ಕಂಪನಿ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು, ತಜ್ಞರ ಸಮಿತಿ ಅದನ್ನು ನೋಡಬೇಕು. ಹಾಗಾಗಿ ಇಪ್ಪತ್ತು ನಿಮಿಷ ತಾಯ್ನೆಲದ ಬಗ್ಗೆ ಕಣ್ಣೀರು ಬರುವ ಹಾಗೆ ಮಾತಾಡಿದರೆ ನಡಾವಳಿಯಲ್ಲಿ ‘ಯೋಜನೆಗೆ ವಿರೋಧ ವ್ಯಕ್ತಪಡಿಸಿದರು’ ಎಂಬ ಒಂದು ಸಾಲು ಉಳಿದೀತು, ಅಷ್ಟೇ. ಅದರ ಬದಲು ‘ಇಂಥ ಪುಟ, ಇಂಥ ಕೋಷ್ಟಕ, ಮಳೆಗಾಲದ ಅಳತೆ ಎಲ್ಲಿದೆ? ಹೂಳೆತ್ತಿದ ಮಣ್ಣು ಎಲ್ಲಿ ಸುರಿಯುತ್ತೀರಿ? ಅಲ್ಲಿ ಯಾವ ಊರಿನವರು ಬಲೆ ಬೀಸುತ್ತಾರೆ?’ ಎಂದು ಕೇಳಿ. ಇಂಥ ಪ್ರಶ್ನೆಯಿಂದ ನುಣುಚಿಕೊಳ್ಳುವುದು ಕಷ್ಟ. ಒಬ್ಬರಿಗೆ ಒಂದೇ ಪ್ರಶ್ನೆ, ಎರಡು ನಿಮಿಷ, ಅವರವರ ಮಾತಿನಲ್ಲೇ. ಕೊಂಕಣಿಯಲ್ಲಾದರೂ ಸರಿ, ಹವ್ಯಕದಲ್ಲಾದರೂ ಸರಿ. ದಿನಕರ ದೇಸಾಯಿಯವರು ನಾಲ್ಕು ಸಾಲಿನ ಚುಟುಕದಲ್ಲಿ ಇಡೀ ಅನ್ಯಾಯ ಹೇಳಿದ ಜಿಲ್ಲೆ ಇದು. ಚಿಕ್ಕದಾಗಿ ಹೇಳುವುದು ನಮಗೆ ಹೊಸದಲ್ಲ.

ಮಾತಿನ ಜೊತೆ ಬರವಣಿಗೆಯೂ ಇರಲಿ. ಎರಡು ಪ್ರತಿ ಮಾಡಿ, ಒಂದು ಕೊಟ್ಟು ಇನ್ನೊಂದಕ್ಕೆ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಳ್ಳಿ. ಭಾಷಣ ಮುಗಿಯಿತೆಂದು ಬಸ್ಸು ಹಿಡಿಯಲು ಎದ್ದುಬಿಡಬೇಡಿ. ಸಭೆಯ ಕೊನೆಗೆ ನಡಾವಳಿಯ ಸಾರಾಂಶವನ್ನು ಕನ್ನಡದಲ್ಲಿ ಓದಿ ಹೇಳಲೇಬೇಕು, ಅದೇ ದಿನ ಸಹಿಯೂ ಆಗಬೇಕು. ನಿಮ್ಮ ಪ್ರಶ್ನೆ ಅದರಲ್ಲಿ ಇಲ್ಲದಿದ್ದರೆ, ಸಭೆಯ ವಿಡಿಯೊ ಚಿತ್ರೀಕರಣ ನಡೆಯುತ್ತಿರುವಾಗಲೇ ಎದ್ದು ನಿಂತು ಸೇರಿಸಲು ಹೇಳಿ.