ಮೊದಲು ಟ್ಯಾಂಕ್ ಇಳಿಸಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಪ್ಪನ ಕಾಲದ ಲಾರಿನ ಮಾರೋಕೆ ಮನಸ್ಸಾಗ್ದೆ ಕೊಟ್ಟಿಗೆ ಪಕ್ಕ ನಿಲ್ಲಿಸ್ಕೊಂಡಿದೀರಲ್ಲ, ಇವತ್ತು ನಾನು ಮಾತಾಡ್ತಿರೋದು ನಿಮ್ಮ ಹತ್ರನೇ. ಡೀಸೆಲ್ ಟ್ಯಾಂಕ್ ತುಕ್ಕು ಹಿಡಿಯೋ ವಿಷಯ. ಹೇಳೋದು ಒಂದೇ ಮಾತು, ಟ್ಯಾಂಕ್ ಇಳಿಸಿ. ಫಿಲ್ಟರ್ ಆಮೇಲೆ, ಪಂಪ್ ಆಮೇಲೆ, ಮೊದಲು ಟ್ಯಾಂಕ್ ಇಳಿಸಿ.

ಹೊಸನಗರದ ಕಡೆ ಗೌಡ್ರೊಬ್ಬರದ್ದು ಹಳೇ ಟಾಟಾ-ಬೆಂಜ್ ಇತ್ತು, ಮುಂದೆ ಮೂತಿ ಇರೋದು. 1954ರಲ್ಲಿ ಟೆಲ್ಕೋದವರು, ಅಂದ್ರೆ ಈಗಿನ ಟಾಟಾ ಮೋಟಾರ್ಸ್‌ನವರು, ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡೋಕೆ ಶುರು ಮಾಡಿದ್ರು, 1969ರವರೆಗೆ ಆ ಒಪ್ಪಂದ ನಡೀತು, ಅದಕ್ಕೇ ಹಿರಿಯರು ಇವತ್ತಿಗೂ ಬೆಂಜ್ ಲಾರಿ ಅನ್ನೋದು. ಇಂಜಿನ್ ಅಂದ್ರೆ ಇಂಜಿನ್ ಕಣ್ರೀ ಅದು, ಸೆಲ್ಫ್ ಹೊಡೆದ್ರೆ ಒಂದೇ ಸಲಕ್ಕೆ ಸ್ಟಾರ್ಟು. ಗೌಡ್ರು ಮನೆ ಕೊಟ್ಟಿಗೆಗೆ ಅಂತ ಕುಂದಾಪುರದಿಂದ ಹೆಂಚು ತುಂಬ್ಕೊಂಡು ಹುಲಿಕಲ್ ಘಾಟಿ ಹತ್ತಿಸ್ತಿದ್ರು, ಅರ್ಧ ಘಾಟಿಗೆ ಎಳೆತ ಕಮ್ಮಿಯಾಗಿ ಆಫ್. ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕೂತು ಪ್ರೈಮರ್, ಅಂದ್ರೆ ಡೀಸೆಲ್ ಎಳೆಯೋ ಕೈಪಂಪು ಹೊಡೆದ್ರೆ ಮತ್ತೆ ಸ್ಟಾರ್ಟು, ಏನೂ ಆಗೇ ಇಲ್ಲ ಅನ್ನೋ ಹಾಗೆ. ಚಂಡಿಕಾಂಬಾ ಗುಡಿ ಹತ್ರ ಬರೋಷ್ಟ್ರಲ್ಲಿ ಮತ್ತೆ ಆಫ್.

ಒಬ್ಬರು ಫಿಲ್ಟರ್ ಬದಲಿಸಿದ್ರು, ಇನ್ನೊಬ್ರು ಟ್ಯಾಂಕಿಂದ ಡೀಸೆಲ್ ಎಳೆಯೋ ಫೀಡ್ ಪಂಪಿಗೆ ಹೊಸ ಕಿಟ್ ಹಾಕಿದ್ರು, ಮತ್ತೊಂದು ಕಡೆ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ಮೈಕೋ ಪಂಪ್ ಬಿಚ್ಚಿಸಿ ಅಳತೆ ಸರಿ ಮಾಡೋ ಕ್ಯಾಲಿಬ್ರೇಷನ್ನೂ ಆಯ್ತು. ಕೊನೆಗೆ ನನ್ನ ಹತ್ರ ಬಂದ್ರು. "ಮೇಸ್ತ್ರಿ, ಅಡಿಕೆ ದುಡ್ಡೆಲ್ಲ ಇದಕ್ಕೇ ಹೋಯ್ತು ಮಾರಾಯ" ಅಂದ್ರು. ನಾನು "ಗೌಡ್ರೇ, ಯಾರಾದ್ರೂ ಟ್ಯಾಂಕ್ ಇಳಿಸಿ ನೋಡಿದ್ರಾ?" ಅಂದೆ. "ಟ್ಯಾಂಕಿಗೆ ಎಂತ ಆಗಿದೆ, ಒಂದು ಹನಿ ಸೋರಲ್ಲ ಅದು" ಅಂದ್ರು.

ಇಳಿಸಿದ್ವಿ. ಡೀಸೆಲ್ ಬಸಿದು ಇಬ್ಬರು ಎರಡು ಕಡೆ ಹಿಡಿದು ಅಲ್ಲಾಡಿಸಿದ್ರೆ, ಒಣಗಿದ ಗೋಟಡಿಕೆನ ಡಬ್ಬದಲ್ಲಿ ಕುಲುಕಿದ ಹಾಗೆ ಶಬ್ದ. ಬಿಳಿ ಬಕೆಟ್ಟಿಗೆ ಬಗ್ಗಿಸಿದ್ವಿ, ತಳದಲ್ಲಿ ನೀರು, ಕಾಫಿ ಗಸಿ ತರ ಕೆಸರು, ಅದರೊಳಗೆ ಉಗುರಿನಷ್ಟಗಲ ತುಕ್ಕಿನ ಚಕ್ಕೆಗಳು. ಏನಾಗ್ತಿತ್ತು ಅಂದ್ರೆ, ಏರಲ್ಲಿ ಇಂಜಿನ್ ಜೋರಾಗಿ ಡೀಸೆಲ್ ಎಳೆಯುವಾಗ ಈ ಚಕ್ಕೆಗಳು ಹೋಗಿ ಪೈಪಿನ ಜಾಲರಿಗೆ ಅಂಟ್ಕೊಳ್ತಿದ್ವು, ಇಂಜಿನ್ ಆಫ್ ಆದ್ರೆ ಎಳೆತ ಇಲ್ಲ, ಉದುರಿ ತಳಕ್ಕೆ ಹೋಗ್ತಿದ್ವು. ಅದಕ್ಕೇ ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಆಗ್ತಿದ್ದಿದ್ದು! ನಿಮ್ಮ ಲಾರಿನೂ ನಿಂತು ಸುಧಾರಿಸ್ಕೊಂಡು ಮತ್ತೆ ಓಡ್ತಿದೆ ಅಂದ್ರೆ ಪಂಪಿಗೆ ಕೈ ಹಾಕ್ಬೇಡಿ, ಟ್ಯಾಂಕ್ ಇಳಿಸಿ.

ಈ ನೀರು ಎಲ್ಲಿಂದ ಬಂತು? ಯಾರೂ ಸುರಿದಿಲ್ಲ. ಆಗುಂಬೆ ಕಡೆ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳೋ ಸೀಮೆ ನಮ್ದು, ಗಾಳಿಯಲ್ಲೇ ನೀರಿದೆ. ಟ್ಯಾಂಕ್ ಅರ್ಧ ಖಾಲಿ ಇದ್ರೆ ಆ ಗಾಳಿ ಒಳಗೆ ಹೋಗಿ, ರಾತ್ರಿ ತಣ್ಣಗಾದಾಗ ತಗಡಿಗೆ ಬೆವರು ಕಟ್ಟಿ ಇಳಿಯುತ್ತೆ. ಒಂದು ಲೀಟರ್ ಡೀಸೆಲ್ ತೂಗೋದು 830 ಗ್ರಾಂ ಆಸುಪಾಸು, ನೀರು ಒಂದು ಕೆಜಿ, ಹಾಗಾಗಿ ನೀರು ತಳ ಸೇರಿ ಅಲ್ಲೇ ಕೂತು ತಿನ್ನುತ್ತೆ. ಮಳೆಗಾಲಕ್ಕೆ ಲಾರಿ ನಿಲ್ಲಿಸೋದಾದ್ರೆ ಟ್ಯಾಂಕ್ ತುಂಬ್ಸಿ ನಿಲ್ಲಿಸಿ.

ಇಳಿಸಿದ ಮೇಲೆ ತೊಳೆಯೋದು. ಸೋಪಿನ ಬಿಸಿನೀರು, ಒಂದು ಹಿಡಿ ಜಲ್ಲಿ ಹಾಕಿ ಚೆನ್ನಾಗಿ ಕುಲುಕಿ. ಆಮೇಲೆ ನಿಂಬೆ ಉಪ್ಪು, ಅಂದ್ರೆ ಸಿಟ್ರಿಕ್ ಆಸಿಡ್ ಪುಡಿ, ಕರಗಿಸಿದ ನೀರು ತುಂಬ್ಸಿ ಒಂದು ದಿನ ಬಿಡಿ, ಹುಣಸೆಹುಳಿ ಹಾಕಿ ಹಂಡೆ ತಿಕ್ಕಲ್ವಾ, ಅದೇ ಲೆಕ್ಕ. ಕಕ್ಕಸು ತೊಳೆಯೋ ಆಸಿಡ್ ಬೇಡ, ಅದು ಒಳ್ಳೇ ತಗಡನ್ನೂ ತಿನ್ನುತ್ತೆ. ಹುಳಿ ಬಗ್ಗಿಸಿ ಅಡುಗೆ ಸೋಡಾ ನೀರಲ್ಲಿ ತೊಳೆದು ತಕ್ಷಣ ಬ್ಲೋವರ್ ಹಿಡಿದು ಒಣಗಿಸಿ, ನಾಳೆ ಮಾಡೋಣ ಅಂದ್ರೆ ಬೆಳಿಗ್ಗೆ ಮತ್ತೆ ಕೆಂಪಗಾಗಿರುತ್ತೆ. ಒಣಗಿದ ಕೂಡ್ಲೇ ಒಳಗೆಲ್ಲ ಡೀಸೆಲ್ ಆಡಿಸಿ.

ಇನ್ನು ತೂತು ಬಿದ್ದಿದ್ರೆ. ದಯವಿಟ್ಟು ಗ್ಯಾಸ್ ತಗೊಂಡು ನೀವೇ ವೆಲ್ಡಿಂಗ್ ಮಾಡೋಕೆ ಹೋಗ್ಬೇಡಿ, ಬಸಿದು ಖಾಲಿ ಮಾಡಿದ್ರೂ ಒಳಗೆ ಆವಿ ಇರುತ್ತೆ, ಸಿಡಿಯುತ್ತೆ, ಜೀವ ಹೋಗುತ್ತೆ. ಟ್ಯಾಂಕ್ ಕೆಲಸನೇ ಮಾಡೋರ ಹತ್ರ ಕೊಡಿ, ತಳ ಪೂರ್ತಿ ತೆಳ್ಳಗಾಗಿದ್ರೆ ಹೊಸದೇ ಮಾಡಿಸಿ.

ಟೈಮ್ ಆಯ್ತು ಅಂತಿದಾರೆ. ವಾಪಸ್ ಕೂರಿಸುವಾಗ ಟ್ಯಾಂಕ್ ಬಿಗಿಯೋ ಪಟ್ಟಿ ಕೆಳಗಿನ ಹಳೇ ರಬ್ಬರ್ ಬಿಸಾಡಿ ಹೊಸದು ಹಾಕಿ, ಕೆಸರು ಕೂತು ಹೊರಗಿಂದ ತೂತು ಬೀಳೋದು ಅಲ್ಲೇ. ಜಾಲರಿ ತೊಳೀರಿ, ಹೊಸ ಫಿಲ್ಟರ್ ಹಾಕಿ, ಪೈಪಲ್ಲಿ ಸಿಕ್ಕಿರೋ ಏರ್ ಪೂರ್ತಿ ಹೊರಗೆ ಬಿಟ್ಟು ಆಮೇಲೆ ಸೆಲ್ಫ್ ಹೊಡೀರಿ. ನಮಸ್ಕಾರ.