ಬಣ್ಣಕ್ಕೆ ಮೊದಲು ನೀರು

ಕೇಳುಗರಿಗೆ ನಮಸ್ಕಾರ.

ಕಾಫಿ ಕೊಯ್ಲು ಮುಗಿದು, ಮಾರಿದ ದುಡ್ಡು ಕೈಗೆ ಬರುವ ಹೊತ್ತಿದು. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಎಲ್ಲಿ ನೋಡಿದರೂ ಹೊಸ ಮನೆಗಳ ಕೊನೆ ಹಂತದ ಕೆಲಸ. ಇಲ್ಲಿ ಹಾಸನದ ಬಡಾವಣೆಗಳಲ್ಲೂ ಅಷ್ಟೇ. ಪುರೋಹಿತರು ಗೃಹಪ್ರವೇಶಕ್ಕೆ ದಿನ ಕೊಟ್ಟಾಗಿರುತ್ತದೆ, ಪತ್ರಿಕೆ ಅಚ್ಚಿಗೆ ಹೋಗಿರುತ್ತದೆ, ಗೇಟಿಗೆ ಯಾವ ಬಣ್ಣ ಅಂತ ಮನೆಯಲ್ಲಿ ಜಗಳ ನಡೆಯುತ್ತಿರುತ್ತದೆ. ನನ್ನಂಥ ಇಂಜಿನಿಯರಿಗೆ ಫೋನ್ ಬರುವುದೂ ಆವಾಗಲೇ. "ಸಾರ್, ಒಂದ್ಸಲ ಬಂದು ನೋಡ್ಬಿಡಿ, ಎಲ್ಲ ಸರಿಯಾಗಿದೆಯಾ ಅಂತ."

ನಾನು ಕೇಳುವುದು ಒಂದೇ ಪ್ರಶ್ನೆ. ತಾರಸಿ ಮೇಲೆ ನೀರು ಕಟ್ಟಿ ನೋಡಿದ್ರಾ? ಆ ಕಡೆಯಿಂದ ಉಸಿರೇ ಇರುವುದಿಲ್ಲ.

ಫಾಲ್ಗುಣದ ಬಿಸಿಲಿನಲ್ಲಿ ಎಲ್ಲರ ಮನೆಯೂ ಒಳ್ಳೆಯ ಮನೆಯೇ. ಆರಿದ್ರಾ, ಪುನರ್ವಸು ಹಿಡಿದು ಹೊಯ್ಯುವಾಗ ಗೊತ್ತಾಗುತ್ತದೆ ಬಂಡವಾಳ. ಅಷ್ಟು ಹೊತ್ತಿಗೆ ಕಂಟ್ರಾಕ್ಟರು ಕೊನೆ ಕಂತು ಎಣಿಸಿಕೊಂಡು ಇನ್ನೊಂದು ಊರಿನಲ್ಲಿ ಪಾಯ ತೋಡಿಸುತ್ತಿರುತ್ತಾರೆ. ಆದ್ದರಿಂದ ಮಳೆಗಾಲ ಬರುವವರೆಗೆ ಕಾಯಬೇಡಿ, ನೀವೇ ಮಳೆ ಬರಿಸಿ.

ತಾರಸಿಯ ಮಳೆನೀರಿನ ಪೈಪುಗಳ ಬಾಯಿಗೆ ಗೋಣಿತಾಟು ತುರುಕಿ. ಎರಡು ಅಂಗುಲ ನೀರು ನಿಲ್ಲಿಸಿ. ಪ್ಯಾರಾಪೆಟ್ ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಇದ್ದಿಲಿನಲ್ಲಿ ಒಂದು ಗೆರೆ ಎಳೆಯಿರಿ. 24 ಗಂಟೆ ಬಿಡಿ. ಮರುದಿನ ಕೆಳಗಿಳಿದು, ಟಾರ್ಚನ್ನು ಓರೆಯಾಗಿ ಹಿಡಿದು ಪ್ರತಿ ಕೋಣೆಯ ಚಾವಣಿ ನೋಡಿ. ಇದನ್ನು ಪುಟ್ಟಿ ಹಚ್ಚುವ ಮೊದಲು ಮಾಡಬೇಕು. ಪುಟ್ಟಿ, ಬಣ್ಣ ಬಿದ್ದ ಮೇಲೆ ಗೋಡೆ ಬಾಯಿ ಬಿಡುವುದಿಲ್ಲ.

ನಮ್ಮ ಅಕ್ಕನ ಮನೆ ಕತೆ ಹೇಳಿಬಿಡುತ್ತೇನೆ. ಸಕಲೇಶಪುರದಿಂದ ಆಚೆ, ತೋಟದೊಳಗೆ. ಹಳೆಯ ಹೆಂಚಿನ ಮನೆ ಬಿಚ್ಚಿಸಿ ಭಾವ ಆರ್‌ಸಿಸಿ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಎಂಟು ದಿನ ಇರುವಾಗ ನಾನು ಹೋದೆ. ಗ್ರಾನೈಟು, ತೇಗದ ಬಾಗಿಲು, ಎಲ್ಲ ಥಳಥಳ. "ಭಾವ, ಒಂದು ದಿನ ತಾರಸಿಗೆ ನೀರು ಕಟ್ಟೋಣ" ಅಂದೆ. ಭಾವನ ಮುಖ ಕೆಂಪಾಯಿತು. "ಏನೋ ಇಂಜಿನಿಯರ್ರೇ, ಹೊಸ ಮನೆ ಸೋರಲಿ ಅಂತ ಬಂದಿದ್ದೀರೋ?" ಅಕ್ಕ ಕಣ್ಣಲ್ಲೇ ಬೇಡ ಅಂದಳು. ನಾನೂ ಸುಮ್ಮನಾದೆ. ತಪ್ಪು ನನ್ನದೇ, ಒಪ್ಪುತ್ತೇನೆ.

ಪುನರ್ವಸು ಮಳೆ ಶುರುವಾದ ನಾಲ್ಕನೇ ದಿನ ಹಾಲಿನ ನಟ್ಟನಡುವೆ, ಫ್ಯಾನಿನ ಕೊಕ್ಕೆಯಿಂದ ಹನಿ. ಕಂಟ್ರಾಕ್ಟರನ್ನು ಕರೆಸಿದರು. ಅವರು ತಲೆಯೆತ್ತಿ ನೋಡಿ, "ಹೊಸ ಮನೆ ಸಾರ್, ಸ್ವಲ್ಪ ಬೆವರುತ್ತೆ" ಅಂದರು. ಮನೆ ಬೆವರುತ್ತೆ! ಫ್ಯಾನಿನ ಮೇಲ್ಭಾಗದ ತಾರಸಿಗೆ ಒಂದು ಡಬ್ಬ ವಾಟರ್‌ಪ್ರೂಫ್ ಬಣ್ಣ ಬಳಿಸಿ ಹೋದರು. ವಾರಕ್ಕೆ ಮತ್ತೆ ಹನಿ. ಈ ಸಲ ಪಕ್ಕದ ಟ್ಯೂಬ್‌ಲೈಟಿನಿಂದಲೂ.

ಭಾವನೇ ಫೋನ್ ಮಾಡಿದರು. ಮಳೆ ಎರಡು ದಿನ ಹೊಳವಾದಾಗ ಹೋದೆ. ಮೊದಲು ಹಾಲಿನ ಕರೆಂಟು ತೆಗೆಸಿದೆ. ಆಮೇಲೆ ತೋಟದ ಆಳುಗಳನ್ನು ಕರೆದು, ಗದ್ದೆಗೆ ಬದು ಹಾಕಿದ ಹಾಗೆ ಜೇಡಿಮಣ್ಣಿನಲ್ಲಿ ತಾರಸಿಯನ್ನು ನಾಲ್ಕು ಪಾಲು ಮಾಡಿಸಿದೆ. ಒಂದೊಂದೇ ಪಾಲಿಗೆ ನೀರು. ಫ್ಯಾನಿನ ನೇರ ಮೇಲಿದ್ದ ಪಾಲಿನಲ್ಲಿ ಅರ್ಧ ದಿನ ನೀರು ನಿಂತರೂ ಕೆಳಗೆ ಒಂದು ಹನಿ ಇಲ್ಲ. ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ. ನಾಲ್ಕನೆಯದಕ್ಕೆ ನೀರು ಬಿಟ್ಟು ಕಾಫಿ ಕುಡಿಯುತ್ತಾ ಕೂತಿದ್ದೆವು, ಅಕ್ಕ ಒಳಗಿಂದ ಕೂಗಿದಳು. ನಾಲ್ಕನೆಯ ಪಾಲು ಎಲ್ಲಿ, ಫ್ಯಾನ್ ಎಲ್ಲಿ! ಹನ್ನೆರಡು ಅಡಿ ದೂರ.

ಮಳೆನೀರಿನ ಪೈಪು ಪ್ಯಾರಾಪೆಟ್ ಬುಡ ಸೇರುವ ಜಾಗದಲ್ಲಿ ಬೆರಳಾಡಿಸಿದೆ. ಗಾರೆ ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಕಿರುಬೆರಳು ತೂರುವಷ್ಟು ಸಂದು, ಸಂದಿನೊಳಗೆ ಸಿಮೆಂಟ್ ಚೀಲದ ತುಂಡು. ಕಾಂಕ್ರೀಟ್ ತುಂಬಬೇಕಾದ ಕಡೆ ಚೀಲ ತುರುಕಿ, ಮೇಲೆ ಗಾರೆ ಸವರಿದ್ದರು. ಅಲ್ಲಿಂದ ಇಳಿದ ನೀರು ಸ್ಲ್ಯಾಬಿನೊಳಗಿನ ವೈರಿಂಗ್ ಪೈಪು ಹಿಡಿದು, ಅದೇ ದಾರಿಯಲ್ಲಿ ನಡೆದು ಫ್ಯಾನಿನ ಡಬ್ಬಿಯಲ್ಲಿ ಹೊರಬಂದಿದೆ. ಹೆಂಚಿನ ಮನೆಯಾಗಿದ್ದರೆ ಕೋಲಿನಲ್ಲಿ ಹೆಂಚು ಸರಿಸಿ ಮಲಗಬಹುದಿತ್ತು. ಸ್ಲ್ಯಾಬು ಒಂದು ಕಡೆ ಕುಡಿದು ಇನ್ನೊಂದು ಕಡೆ ಕಕ್ಕುತ್ತದೆ. ಅದಕ್ಕೇ ಹೇಳುವುದು, ಬಣ್ಣಕ್ಕೆ ಮೊದಲು ನೀರು ಕಟ್ಟಿ. ಬೇಸಿಗೆಯಲ್ಲಿ ಕಟ್ಟಿದ್ದರೆ ಅರ್ಧ ಬಾಣಲೆ ಗಾರೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಚಾವಣಿಯ ಪ್ಲಾಸ್ಟರು, ವೈರು, ಬಣ್ಣ ಎಲ್ಲ ಕಿತ್ತು ಮಾಡಿಸಬೇಕಾಯಿತು.

ನನಗೆ ಕೊಟ್ಟಿದ್ದ ಸಮಯದಲ್ಲಿ ಮುಕ್ಕಾಲು ಪಾಲು ಅಕ್ಕನ ಮನೆಗೇ ಹೋಯಿತು. ಉಳಿದದ್ದು ಬೇಗ ಬೇಗ.

ಬಚ್ಚಲಿಗೂ ಇದೇ ಪರೀಕ್ಷೆ. ಟೈಲ್ಸ್ ಕೂರಿಸುವ ಮೊದಲು, ತಗ್ಗು ಸ್ಲ್ಯಾಬಿನಲ್ಲಿ ನೀರು ನಿಲ್ಲಿಸಿ ಎರಡು ದಿನ ಬಿಡಿ, ಆಚೆ ಕೋಣೆಯ ಗೋಡೆ ಬುಡ ಮುಟ್ಟಿ ನೋಡಿ. ಟೈಲ್ಸ್ ಆದಮೇಲೆ ಒಂದು ಚೊಂಬು ನೀರು ಚೆಲ್ಲಿ. ಜಾಲರಿ ಕಡೆ ಹೋದರೆ ಸರಿ, ಬಾಗಿಲ ಕಡೆ ಬಂದರೆ ಕೀಳಿಸಿ. ನಾಚಿಕೆ ಬೇಡ, ಬದುಕಿಡೀ ಕಾಲೊರೆಸುವವರು ನೀವು. ನಾಣ್ಯದಿಂದ ಟೈಲ್ಸ್ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಕೆಳಗೆ ಗಾರೆ ಇಲ್ಲ. ಕಿಟಕಿ ಮೇಲೆ ಚಾಚಿದ ಛಜ್ಜದ ಅಡಿಯ ಅಂಚಿನಲ್ಲಿ ಉದ್ದಕ್ಕೂ ಗೀರು ಬಿಟ್ಟಿದ್ದಾರಾ ನೋಡಿ, ಅದಿಲ್ಲದಿದ್ದರೆ ನೀರು ಅಡಿಯಲ್ಲೇ ಹರಿದು ಗೋಡೆಗೆ ಬರುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿದ್ದರೆ ಅದರ ತುದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ತಾರೀಕು ಬರೆಯಿರಿ. ತಿಂಗಳಲ್ಲಿ ಗುರುತು ದಾಟಿದರೆ ಇಂಜಿನಿಯರನ್ನು ಕರೆಯಿರಿ. ಮೀಟರ್ ಬೋರ್ಡಿನ ಪಕ್ಕ, ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಇಎಲ್‌ಸಿಬಿ ಇರುತ್ತದೆ, ಅದರ ಟೆಸ್ಟ್ ಗುಂಡಿ ಒತ್ತಿ. ಕರೆಂಟ್ ಹೋಗಬೇಕು. ಹೋಗದಿದ್ದರೆ ಅಂದೇ ಬದಲಿಸಿ.

ದುಡ್ಡಿನ ವಿಷಯ. ಕಂಟ್ರಾಕ್ಟರಿಗೆ ಕೊಡುವ ಹಣದಲ್ಲಿ ನೂರಕ್ಕೆ ಐದು ರೂಪಾಯಿ ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮ ಹತ್ತಿರವೇ ಇರಲಿ, ಇದನ್ನು ಪಾಯಕ್ಕೆ ಮೊದಲೇ ಕರಾರಿನಲ್ಲಿ ಬರೆಸಿ. ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿಯಾದ ಯೋಜನೆಯಲ್ಲಿ ಬಿಲ್ಡರ್ ಹತ್ತಿರ ಕಟ್ಟಿದ ಮನೆ ಕೊಂಡಿದ್ದರೆ 2016ರ ಕಾಯ್ದೆ ನಿಮ್ಮ ಕಡೆಗಿದೆ. ಸ್ವಾಧೀನಕ್ಕೆ ಪಡೆದ 5 ವರ್ಷದೊಳಗೆ ಕಟ್ಟಡದ ದೋಷ ಕಂಡು ತಿಳಿಸಿದರೆ 30 ದಿನದಲ್ಲಿ ಪುಕ್ಕಟೆಯಾಗಿ ಸರಿಮಾಡಿಕೊಡಬೇಕು. ಆದರೆ ಕಾಯ್ದೆ ಬಂದು ನಿಮ್ಮ ತಾರಸಿಗೆ ನೀರು ಕಟ್ಟುವುದಿಲ್ಲ, ಅದನ್ನು ನೀವೇ ಕಟ್ಟಬೇಕು.

ಶನಿವಾರ ಸಂಜೆ ಕಟ್ಟಿ, ಭಾನುವಾರ ಸಂಜೆ ಟಾರ್ಚ್ ಹಿಡಿಯಿರಿ. ತೋಟದ ಕಡೆಯವರು ಕರೆಂಟ್ ಇರುವಾಗಲೇ ಮೋಟರ್ ಹಾಕಿಬಿಡಿ. ನಮಸ್ಕಾರ.